ತುಂಬಾ ದೊಡ್ಡದು, ಅದಕ್ಕೇ ಬ್ಯಾಕಪ್ ಇಲ್ಲ

ದಕ್ಷಿಣ ಕೊರಿಯಾದ ಜಿ-ಡ್ರೈವ್, ಅಂದರೆ ಅಲ್ಲಿನ ಸರ್ಕಾರಿ ಅಧಿಕಾರಿಗಳು ಕಡತ ಇಡುತ್ತಿದ್ದ ಆನ್‌ಲೈನ್ ಉಗ್ರಾಣದ ಕತೆ ನೀವು ಕೇಳಿರಬಹುದು. 2025ರ ಸೆಪ್ಟೆಂಬರ್ 26ರಂದು ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. ಅಧಿಕಾರಿಗಳ 858 ಟೆರಾಬೈಟ್ ಕಡತ ಹೋಯಿತು. ಬೆಂಕಿ ಎಲ್ಲಿ ಬೇಕಾದರೂ ಬೀಳಬಹುದು, ಅದಕ್ಕೆ ಯಾರನ್ನೂ ಬೈಯುವುದಿಲ್ಲ. ನಾನು ಮೆಚ್ಚಿದ್ದು ಬ್ಯಾಕಪ್ ಯಾಕಿರಲಿಲ್ಲ ಎಂಬುದಕ್ಕೆ ಸಿಕ್ಕ ಉತ್ತರವನ್ನು. ಗಾತ್ರ ತುಂಬಾ ದೊಡ್ಡದಾಗಿತ್ತಂತೆ.

ಎಂಥ ಉತ್ತರ ನೋಡಿ! ದೋಣಿಯಲ್ಲಿ ಜನ ಜಾಸ್ತಿ ಇದ್ದರು, ಅದಕ್ಕೇ ಲೈಫ್ ಜಾಕೆಟ್ ಇಡಲಿಲ್ಲ ಎಂದ ಹಾಗೆ. ಅಲ್ಲಿನ ಸರ್ಕಾರವಂತೂ ಕಡತವನ್ನೆಲ್ಲ ಅಲ್ಲೇ ಇಡಿ, ಕಚೇರಿ ಕಂಪ್ಯೂಟರಿನಲ್ಲಿ ಏನೂ ಇಡಬೇಡಿ ಎಂದು ಹೇಳಿತ್ತು. ಜನ ಪಾಪ, ಹೇಳಿದ ಮಾತು ಕೇಳಿದರು.

ನಾನು ಸುಮ್ನೆ ಕೂತು ಲೆಕ್ಕ ಹಾಕಿದೆ. ಡೇಟಾ ತುಂಬಿಡುವ ಎಲ್‌ಟಿಒ-9 ಎಂಬ ಟೇಪ್ ಒಂದರಲ್ಲಿ 18 ಟೆರಾಬೈಟ್ ಹಿಡಿಯುತ್ತದೆ. ಅಂಗೈ ಅಗಲದ ಡಬ್ಬಿ. 858ಕ್ಕೆ 48 ಡಬ್ಬಿ ಸಾಕು. ಮಕ್ಕಳ ಶಾಲೆ ಬ್ಯಾಗಿನಲ್ಲಿ ಹಿಡಿಯುತ್ತವೆ. ತುಂಬಾ ದೊಡ್ಡದು ಅಂದರೆ ಇಷ್ಟು.

ನಗುವ ಹಕ್ಕು ನನಗಿಲ್ಲ ಬಿಡಿ. ನಾನಿದ್ದ ಒಂದು ಕಚೇರಿಯಲ್ಲೂ ಮೇಲ್ ಸರ್ವರ್ ಬ್ಯಾಕಪ್‌ಗೆ ಎಷ್ಟು ಜಾಗ ಬೇಕು ಎಂದು ಮೀಟಿಂಗ್ ಆಗಿತ್ತು.

“ಈಗ ಮೇಲ್ ಎಲ್ಲಾ ಸೇರಿ ಎಷ್ಟಿದೆ?” ಎಂದರು ಸಾಹೇಬರು.

“2 ಟೆರಾಬೈಟ್ ಸಾರ್,” ಎಂದರು ಸರ್ವರ್ ನೋಡಿಕೊಳ್ಳುವವರು.

“ಹಾಗಾದ್ರೆ ಬ್ಯಾಕಪ್‌ಗೂ 2 ಸಾಕು. ಇರ್ಲಿ, 3 ಇಟ್ಕೊಳ್ಳಿ.”

ಸಾಹೇಬರ ಧಾರಾಳತನ ಕಂಡು ಎಲ್ಲರೂ ತಲೆದೂಗಿದರು. ಸರ್ವರ್‌ನವರು ಮಾತ್ರ ಕಾಗದ ತೆಗೆದರು. ವಾರಕ್ಕೊಂದು ಪೂರ್ತಿ ನಕಲು, ನಾಲ್ಕು ವಾರದ್ದು ಇಡಬೇಕು. ಅದು 8. ತಿಂಗಳಿಗೊಂದು ನಕಲನ್ನು ಒಂದು ವರ್ಷ ಇಡಬೇಕು ಎಂದು ಸಾಹೇಬರೇ ಹಿಂದೆ ಆದೇಶ ಮಾಡಿದ್ದರು. ಅದು 24. ಮಧ್ಯದ ದಿನಗಳಲ್ಲಿ ಬದಲಾದ ಮೇಲ್ ಮಾತ್ರ ನಕಲಾದರೂ, ದಿನಕ್ಕೆ ಶೇಕಡ 2ರಂತೆ ಇನ್ನೊಂದು ಟೆರಾಬೈಟ್. ಒಟ್ಟು 33. ಬೇರೆ ಕಟ್ಟಡದಲ್ಲಿ ಇನ್ನೊಂದು ಪ್ರತಿ ಬೇಕು ಅಂದರೆ 66. ಅದೂ ಮೇಲ್ ಇವತ್ತಿನಷ್ಟೇ ಇದ್ದರೆ.

ಸಾಹೇಬರು ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿದರು. “ಎಲ್ಲೋ ಲೆಕ್ಕ ತಪ್ಪಿದೆ,” ಎಂದರು. 3 ಟೆರಾಬೈಟ್ ಮಂಜೂರಾಯಿತು.

ಈ ಮೇಲ್ ಅನ್ನೋದು ಇವತ್ತಿನಷ್ಟೇ ಇರುವುದಿಲ್ಲ, ಅದೇ ತೊಂದರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಮಲಗಿದವನ ಕಾಲೇ ರಾತ್ರಿಯೆಲ್ಲ ಬೆಳೆಯುತ್ತದೆ. ಯಾರದೋ ಬೀಳ್ಕೊಡುಗೆ. 9 ಎಂಬಿ ಫೋಟೊ. ಮೇಲ್‌ನಲ್ಲಿ ಹೋಗಬೇಕಾದರೆ ಆ ಫೋಟೊ ಬೇಸ್64 ಎಂಬ ವೇಷ ಹಾಕಬೇಕು, ಅಕ್ಷರಗಳಾಗಿ ಮಾರ್ಪಡಬೇಕು. ಆಗ ಮೂರರಲ್ಲೊಂದು ಪಾಲು ದಪ್ಪಗಾಗಿ 12 ಎಂಬಿ ಆಗುತ್ತದೆ. ಎಷ್ಟೋ ಸರ್ವರ್‌ಗಳು ಅದನ್ನು ವೇಷ ಕಳಚದೆ ಹಾಗೇ ಇಡುತ್ತವೆ. 300 ಜನರಿಗೆ ಹೋದರೆ 3.6 ಜಿಬಿ. ಹಿಂದೆ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಇಂಥದಕ್ಕೆ ಒಂದೇ ಪ್ರತಿ ಇಟ್ಟುಕೊಂಡು ಎಲ್ಲರಿಗೂ ಅದನ್ನೇ ತೋರಿಸುತ್ತಿತ್ತು. 2010ರ ಆವೃತ್ತಿಯಲ್ಲಿ ಆ ಜಾಣತನ ಕೈಬಿಟ್ಟರು. ಹೋಗುವವರು ಹೋದರು, ಫೋಟೊ ಮಾತ್ರ 300 ಕಡೆ ಉಳಿಯಿತು. ಅದನ್ನು ಪ್ರತಿ ವಾರ ಭಕ್ತಿಯಿಂದ ನಕಲು ಮಾಡುತ್ತೇವೆ.

ಮೇಲ್ ಇಡಲು ಇನ್ನೂ ಹಳೆಯ ಕಾಲದ ಎಂಬಾಕ್ಸ್ ಪದ್ಧತಿ ಇದ್ದರಂತೂ ಮಜಾ. ಅದರಲ್ಲಿ ಒಂದು ಫೋಲ್ಡರ್‌ನ ಮೇಲ್ ಎಲ್ಲಾ ಒಂದೇ ಫೈಲ್. ಬೆಳಿಗ್ಗೆ ಯಾರೋ “ಓಕೆ” ಎಂದು ಒಂದು ಪದ ಕಳಿಸುತ್ತಾರೆ. ಫೈಲ್ ಬದಲಾಯಿತಲ್ಲ! ಫೈಲ್ ಲೆಕ್ಕದಲ್ಲಿ ಕೆಲಸ ಮಾಡುವ ಬ್ಯಾಕಪ್ ಆದರೆ ಫೈಲ್ 5 ಜಿಬಿ ಇದ್ದರೆ ಅದನ್ನು ಪೂರ್ತಿ ಮತ್ತೆ ಹೊರುತ್ತದೆ. ಒಂದು “ಓಕೆ”ಗೆ 5 ಜಿಬಿ. ಆಮೇಲೆ ಇನ್ನೊಬ್ಬರು “ಥ್ಯಾಂಕ್ಸ್” ಅನ್ನುತ್ತಾರೆ. ಅಷ್ಟು ಸೌಜನ್ಯ ತಡೆದುಕೊಳ್ಳುವ ಡಿಸ್ಕ್ ಇನ್ನೂ ಹುಟ್ಟಿಲ್ಲ.

ಟೇಪ್ ಮಾರುವವರು ಇದಕ್ಕೂ ಧೈರ್ಯ ತುಂಬುತ್ತಾರೆ. 18 ಟೆರಾಬೈಟಿನ ಟೇಪಿನಲ್ಲಿ 45 ಹಿಡಿಯುತ್ತದಂತೆ, ಅದುಮಿ ತುಂಬಿದರೆ. ಬೀಳ್ಕೊಡುಗೆ ಫೋಟೊ ಜೆಪೆಗ್ ಆದಾಗಲೇ ಅದುಮಿಸಿಕೊಂಡಿದೆ. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ಏನು ಬರುತ್ತೆ?

ಮಂಜೂರಾದ 3 ಟೆರಾಬೈಟ್ ತುಂಬಲು ಎಷ್ಟು ದಿನ ಬೇಕು? ತುಂಬಿತು. ಆಗ ಬಂದ ಪರಿಹಾರ: ಎಲ್ಲರೂ ಹಳೆಯ ಮೇಲ್‌ಗಳನ್ನು ಪಿಎಸ್‌ಟಿ ಎಂಬ ಔಟ್‌ಲುಕ್ ಮೇಲ್ ಫೈಲ್ ಮಾಡಿ ತಮ್ಮ ತಮ್ಮ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳತಕ್ಕದ್ದು. ಒಂದೇ ವಾರದಲ್ಲಿ ಸರ್ವರ್ ಹಗುರಾಯಿತು. ಸಾಹೇಬರು ಗ್ರಾಫ್ ತೋರಿಸಿ ಬೀಗಿದರು. ಲ್ಯಾಪ್‌ಟಾಪ್‌ಗಳಿಗೆ ಬ್ಯಾಕಪ್ ಇರಲಿಲ್ಲ ಎಂಬುದು ಗ್ರಾಫಿನಲ್ಲಿ ಇರಲಿಲ್ಲ. ಕೊರಿಯಾದಲ್ಲಿ ಎಲ್ಲವನ್ನೂ ಒಂದೇ ಕಡೆ ತುಂಬಿ ಕಳೆದರು, ನಾವು ಎಲ್ಲಾ ಕಡೆ ಚೆಲ್ಲಿ ಕಳೆದೆವು.

ಬ್ಯಾಕಪ್ ಇದ್ದರೂ ಕೆಲಸ ಮಾಡುತ್ತದೆ ಅಂತೇನಿಲ್ಲ. ಪ್ರೋಗ್ರಾಂ ಬರೆಯುವವರ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ತಪ್ಪು ಸರ್ವರಿನ ಡೇಟಾ ಅಳಿಸಿಬಿಟ್ಟರು. ಐದು ಬಗೆಯ ಬ್ಯಾಕಪ್ ಏರ್ಪಾಡಿತ್ತು. ಒಂದನ್ನೂ ನಂಬುವ ಹಾಗಿರಲಿಲ್ಲ. ಬ್ಯಾಕಪ್ ಫೇಲಾಗಿದೆ ಎಂದು ಯಂತ್ರ ಮೇಲ್ ಕಳಿಸುತ್ತಿತ್ತು. ಸರಿಯಾದ ಸಹಿ ಇಲ್ಲ ಎಂದು ಎದುರಿನ ಸರ್ವರ್ ಅದನ್ನು ಒಳಗೇ ಬಿಡಲಿಲ್ಲ. ಕೊನೆಗೆ ಆರು ಗಂಟೆ ಹಿಂದೆ ಯಾವುದೋ ಬೇರೆ ಕೆಲಸಕ್ಕೆ ತೆಗೆದಿಟ್ಟ ನಕಲು ಮಾನ ಉಳಿಸಿತು. ಅವರು ಇದೆಲ್ಲವನ್ನೂ ಮುಚ್ಚಿಡದೆ ಬರೆದು ಪ್ರಕಟಿಸಿದರು. ಆ ಮಟ್ಟಿಗೆ ದೊಡ್ಡವರು.

ಉಳಿದ ಕಡೆ ಬರೆಯುವುದಿಲ್ಲ, ತಪ್ಪು ಹೊರಿಸಲು ಆಳನ್ನು ಹುಡುಕುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಇದನ್ನು ತಮಾಷೆ ಮಾಡಿ ಮಾಡಿ ಸಾಕಾಗಿದೆ. ಜಾಗ ಬೇಕು ಎಂದು ಕೇಳಿದವನಿಗೆ ಬೈಗುಳ, ಜಾಗ ಕೊಡದವನಿಗೆ ಬಡ್ತಿ. ಡಿಸ್ಕ್ ಸತ್ತ ದಿನ ರಾತ್ರಿ ಮೂರು ಗಂಟೆಗೆ ನೆಲದ ಮೇಲೆ ಕೂತು ಕೇಬಲ್ ಹಿಡಿದಿದ್ದವನು ಯಾರು? ಆ ಕಾಗದದಲ್ಲಿ 33 ಎಂದು ಬರೆದವನೇ ಅಲ್ವಾ?

ನಮ್ಮ ಕಚೇರಿಯ ಡಿಸ್ಕ್ ಕೂಡ ಒಂದು ದಿನ ಸತ್ತಿತು. ವಿಚಾರಣೆಗೆ ಆ ಸರ್ವರ್ ನೋಡಿಕೊಳ್ಳುವವರನ್ನೇ ಕರೆದರು. “ಜಾಗ ಸಾಲದು ಅಂತ ಮೊದಲೇ ಯಾಕ್ರೀ ಹೇಳಲಿಲ್ಲ?”

“ಹೇಳಿದ್ದೆ ಸಾರ್. ಮೂರು ಸಲ ಮೇಲ್ ಮಾಡಿದ್ದೆ.”

“ಎಲ್ಲಿ, ತೋರಿಸಿ,” ಎಂದರು ಸಾಹೇಬರು.