ನೊರೆ ಇಲ್ಲ ಅಂದ ಮಾತ್ರಕ್ಕೆ ಕಿಡ್ನಿ ಸರಿ ಇದೆ ಅಂತಲ್ಲ

‘ಸಕ್ಕರೆ ಕಾಯಿಲೆ ಇದ್ದರೂ ಮೂತ್ರದಲ್ಲಿ ನೊರೆ ಕಾಣದಿದ್ದರೆ ಕಿಡ್ನಿ ಚೆನ್ನಾಗಿದೆ, ಟೆಸ್ಟ್ ಬೇಡ’ ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಕಿಡ್ನಿಯ ಸೋಸುವ ಜಾಲರಿ ಹಾಳಾಗತೊಡಗಿದಾಗ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಅದು ಜಾಸ್ತಿ ಸೋರಿದಾಗ ನೊರೆ ಏಳಬಹುದು. ಆದರೆ ಮೊದಮೊದಲು ಸೋರುವುದು ತೀರಾ ಸ್ವಲ್ಪ. ಕಣ್ಣಿಗೆ ಕಾಣುವ ಮಾತು ಬಿಡಿ, ಪಟ್ಟಿ ಅದ್ದಿ ನೋಡುವ ಮಾಮೂಲಿ ಪರೀಕ್ಷೆಗೂ ಅದು ಎಷ್ಟೋ ಸಲ ಸಿಗುವುದಿಲ್ಲ. ಹಾಗಂತ ನೊರೆ ಕಂಡ ಕೂಡಲೇ ಸುಮ್ನೆ ಗಾಬರಿಯೂ ಬೇಡ. ರಭಸವಾಗಿ ಬಿದ್ದರೂ ನೊರೆ ಏಳುತ್ತದೆ, ಅಲ್ವಾ?

ಬೇಕಾದ್ದು ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಒಂದು ತ್ಯಾಜ್ಯ. ಒಂದು ಸಲದ ಮೂತ್ರ ಸಾಕು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸಹಜ. 30ರಿಂದ 300 ಇದ್ದರೆ ಸೋರಿಕೆ ಶುರುವಾಗಿದೆ ಎಂಬ ಸುಳಿವು. ಸುಳಿವು ಅಷ್ಟೇ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಜೋರು ವ್ಯಾಯಾಮ ಕೂಡ ಅಂಕಿಯನ್ನು ಏರಿಸಬಹುದು. ಅದಕ್ಕೇ 3ರಿಂದ 6 ತಿಂಗಳೊಳಗೆ ಮೂರು ಸಲ ನೋಡಿ, ಎರಡರಲ್ಲಾದರೂ ಜಾಸ್ತಿ ಬಂದರೆ ಮಾತ್ರ ಖಚಿತ ಎನ್ನುತ್ತಾರೆ.

ಆಲ್ಬುಮಿನ್ ಸಹಜವಿದ್ದೂ ಕಿಡ್ನಿಯ ಶಕ್ತಿ ಕುಗ್ಗಿರುವವರಿದ್ದಾರೆ. ಹಾಗಾಗಿ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೂ ಜೊತೆಗಿರಬೇಕು. ಟೈಪ್ 2 ಸಕ್ಕರೆ ಕಾಯಿಲೆ ಇರುವವರು ಅದು ಪತ್ತೆಯಾದಾಗಿನಿಂದಲೇ, ಟೈಪ್ 1 ಇರುವವರು ಕಾಯಿಲೆ ಬಂದು 5 ವರ್ಷದ ನಂತರ, ವರ್ಷಕ್ಕೊಮ್ಮೆಯಾದರೂ ಎರಡನ್ನೂ ಮಾಡಿಸಬೇಕು.