ವಿಚ್ಛೇದನದ ಒಪ್ಪಂದದಲ್ಲಿ ಲಸಿಕೆಗೂ ಒಂದು ಕಲಂ ಇರಲಿ

ಪರಸ್ಪರ ಒಪ್ಪಿಗೆಯ ವಿಚ್ಛೇದನದ ಕಾಗದಪತ್ರ ಓದಿದವರಿಗೆ ಅದರಲ್ಲಿ ಏನೇನಿರುತ್ತದೆ ಎಂದು ಗೊತ್ತು. ಯುಗಾದಿ ಯಾರ ಮನೆಯಲ್ಲಿ, ಬೇಸಿಗೆ ರಜೆ ಯಾರ ಪಾಲಿಗೆ, ಶಾಲೆಯ ಶುಲ್ಕ ಯಾರು ಕಟ್ಟಬೇಕು, ಮದುವೆಯಲ್ಲಿ ಬಂದ ಬೆಳ್ಳಿ ಚೊಂಬು ಯಾರಿಗೆ. ಮಗುವಿನ ಲಸಿಕೆಯ ಮಾತು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ನನ್ನ ಮಗಳಿಗೆ ಐದು ತುಂಬಿದೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರನ್ನೂ ತಡೆಯುವ ಡಿಪಿಟಿಯ ಎರಡನೇ ಬೂಸ್ಟರ್ ಹಾಕಿಸುವ ವಯಸ್ಸು. ವಾರವಿಡೀ ಕೋಲಾರದಲ್ಲಿ ನನ್ನ ಜೊತೆ, ಶನಿವಾರ ಮಧ್ಯಾಹ್ನದಿಂದ ಚಿಂತಾಮಣಿಯಲ್ಲಿ ಅಪ್ಪನ ಮನೆ. ಆರೋಗ್ಯ ಕೇಂದ್ರದಲ್ಲಿ ಹಾಕಿಸುತ್ತೇನೆ ಎಂದೆ. ಅವರು ಖಾಸಗಿಯಲ್ಲಿ 'ನೋವಿಲ್ಲದ' ಸೂಜಿ ಆಗಲಿ ಎಂದರು. ನಾಲ್ಕು ಮಾತು ಬೆಳೆದ ಮೇಲೆ ಸೂಜಿಯೇ ಬೇಡ ಎಂದರು.

ಅವರು ಲಸಿಕೆಯ ವಿರೋಧಿಯಲ್ಲ. ಹಿಂದಿನ ಬೂಸ್ಟರ್‌ನ ಜ್ವರ ಏರಿದ್ದು ಚಿಂತಾಮಣಿಯಲ್ಲಿ. ತೊಡೆ ಕೆಂಪಗೆ ಊದಿ, ಡೈಪರ್ ಕಟ್ಟಲೂ ಬಿಡದೆ ಮಗು ಬೆಳಗಿನವರೆಗೆ ಅತ್ತಿತ್ತು. 'ಜ್ವರ ಬರಿಸಿ ನಮ್ಮ ತಲೆಗೆ ಕಟ್ಟಿದ್ದಾಳೆ' ಎಂದು ಆ ಮನೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಡಿಪಿಟಿಗೆ ಒಂದೆರಡು ದಿನ ಜ್ವರ, ಊತ ಸಹಜ. 'ನೋವಿಲ್ಲದ' ಲಸಿಕೆಯಲ್ಲಿ ಅದು ಕಡಿಮೆ, ನಿಜ. ಆದರೆ ನಾಯಿಕೆಮ್ಮಿನ ವಿರುದ್ಧ ಅದರ ರಕ್ಷಣೆ ಬೇಗ ಕ್ಷೀಣಿಸುತ್ತದೆ. ಅಷ್ಟಾಗಿಯೂ, ಯಾವುದನ್ನೂ ಹಾಕಿಸದಿರುವುದಕ್ಕಿಂತ ಅದೇ ಮೇಲು. ಜಗಳ ಸೂಜಿಯದಲ್ಲ, ನಿದ್ದೆಗೆಟ್ಟವರು ಯಾರು, ತೀರ್ಮಾನಿಸಿದವರು ಯಾರು ಎಂಬುದರದು.

ಆಮೇಲೆ ವಾಟ್ಸಾಪ್‌ನಲ್ಲಿ ಬಂತು: ಒತ್ತಾಯದ ಲಸಿಕೆ ಕೂಡದೆಂದು ಸುಪ್ರೀಂ ಕೋರ್ಟೇ ಹೇಳಿದೆಯಂತೆ. 2022ರ ಮೇ ತಿಂಗಳ ಆ ತೀರ್ಪು ಕೋವಿಡ್ ಲಸಿಕೆಯ ಕುರಿತದ್ದು. ಮಕ್ಕಳಿಗೆ ಲಸಿಕೆ ಕೊಡುವ ಸರ್ಕಾರದ ನಿರ್ಧಾರವನ್ನು ಅದೇ ತೀರ್ಪು ತಳ್ಳಿಹಾಕಲಿಲ್ಲ. ಅಷ್ಟು ದೂರ ಓದುವ ತಾಳ್ಮೆ ಫಾರ್ವರ್ಡ್ ಮಾಡುವವರಿಗೆ ಎಲ್ಲಿದೆ?

ಕಾನೂನೇನೋ ಇದೆ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ತಂದೆಯನ್ನು ಮೊದಲ ಸಹಜ ಪಾಲಕ ಎನ್ನುತ್ತದೆ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದೂ ಹೇಳುತ್ತದೆ, ಎಲ್ಲಕ್ಕಿಂತ ಮಗುವಿನ ಹಿತವೇ ಮುಖ್ಯ ಎನ್ನುತ್ತದೆ. ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆದರೆ ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ, ಲಸಿಕೆ ಕಾಯುವುದಿಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ ಡಿಪಿಟಿ ಏಳು ವರ್ಷದವರೆಗೆ ಮಾತ್ರ. ಹತ್ತನೇ ವರ್ಷದಲ್ಲಿ ಕೊಡುವ ಟಿಡಿ ಧನುರ್ವಾಯು, ಗಂಟಲಮಾರಿಗೆ ಮಾತ್ರ, ಅದರಲ್ಲಿ ನಾಯಿಕೆಮ್ಮಿನ ಅಂಶವಿಲ್ಲ. ಕೂಸುಗಳ ಭೇದಿ ತಡೆಯುವ ರೋಟಾ ಹನಿಯಂತೂ ಒಂದು ವರ್ಷದೊಳಗೆ ಶುರುವಾಗಲೇಬೇಕು.

ರೋಗಕ್ಕೆ ಯಾರ ಮನೆ ಯಾರ ಸರದಿ ಎಂಬುದಿಲ್ಲ. 1970ರ ದಶಕದ ಕೊನೆಯಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರ ಕೋಲಾರ ಜಿಲ್ಲೆಯಲ್ಲಿ ಹಬ್ಬಿತ್ತು. ಆಗ ಚಿಂತಾಮಣಿಯೂ ಕೋಲಾರಕ್ಕೇ ಸೇರಿತ್ತು. ಅದು ಈಗಿರುವ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆ ಜ್ವರದ ಲಸಿಕೆ ದೇಶದ ಎಲ್ಲ ಜಿಲ್ಲೆಗಳ ಪಟ್ಟಿಯಲ್ಲಿಲ್ಲ, ಕೋಲಾರದ ಪಟ್ಟಿಯಲ್ಲಿದೆ. ಊರು ಬದಲಿಸುವ ಅಪ್ಪ ಅಮ್ಮಂದಿರು ಇದನ್ನು ಕೇಳಿಯೇ ತಿಳಿಯಬೇಕು.

ಇನ್ನು ಮಗುವಿನ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡ್. ಅದು ಯಾರ ಬೀರುವಿನಲ್ಲಿದೆಯೋ ಅವರೇ ದೊಡ್ಡವರು ಎಂಬಂತಾಗಿದೆ. ನಮ್ಮದರ ಮಡಿಕೆ ಹರಿದು ಟೇಪು ಅಂಟಿಸಿದೆ, ಸಿಸ್ಟರ್ ಪೆನ್ಸಿಲ್‌ನಲ್ಲಿ ಬರೆದ ಮುಂದಿನ ದಿನಾಂಕ ಅರ್ಧ ಅಳಿಸಿದೆ. ಅದನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ಕಳಿಸಿಕೊಂಡರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ವಕೀಲರಿಗೆ ಈ ಕಲಂ ಬರೆದುಕೊಟ್ಟಿದ್ದೇನೆ. ಸರ್ಕಾರಿ ವೇಳಾಪಟ್ಟಿಯ ಲಸಿಕೆಗಳಿಗೆ ಇಬ್ಬರ ಒಪ್ಪಿಗೆಯೂ ಈಗಲೇ ಸಿಕ್ಕಂತೆ. ಪಟ್ಟಿಯ ಹೊರಗಿನದಕ್ಕೆ ಮಕ್ಕಳ ವೈದ್ಯರನ್ನು ಕೇಳಿ ಮಾತುಕತೆ. ಹಾಕಿಸಿದವರ ಮನೆಯಲ್ಲೇ ಎರಡು ದಿನ ಮಗು, ಜ್ವರ ಅವರದೇ ಲೆಕ್ಕಕ್ಕೆ. ಕಳೆದುಕೊಂಡ ವಾರಾಂತ್ಯ ಇನ್ನೊಬ್ಬರಿಗೆ ವಾಪಸ್. ಚಿಂತಾಮಣಿಯಿಂದ ಒಂದೇ ತಿದ್ದುಪಡಿ ಬಂದಿದೆ: ಸೂಜಿಯ ದಿನ ಮೊದಲೇ ತಿಳಿಸಬೇಕು, ತಾವೂ ಬರುತ್ತಾರಂತೆ. ಬರಲಿ. ಐದು ವರ್ಷದವಳನ್ನು ಹಿಡಿದುಕೊಳ್ಳಲು ಇಬ್ಬರು ಬೇಕೇ ಬೇಕು.