ಟೆರೇಸಿನಿಂದಲೇ ಶುರು ಮಾಡಿ, ಕಚ್ಚಾ ಫ್ರೇಮ್ ಹಂಚಿಕೊಳ್ಳಿ

ಬೆಂಗಳೂರಿನ ಗೆಳೆಯರ ಹತ್ತಿರ ಆಕಾಶದ ಫೋಟೊ ಬಗ್ಗೆ ಮಾತೆತ್ತಿದರೆ ಎರಡೇ ಉತ್ತರ ಸಿಗುತ್ತದೆ. ಸಿಟಿಯಲ್ಲಿ ಏನೂ ಕಾಣಲ್ಲ, ಲಡಾಖಿನ ಹಾನ್ಲೆಗೇ ಹೋಗಬೇಕು ಅನ್ನೋದು ಒಂದು. ಲಕ್ಷಗಟ್ಟಲೆ ದುಡ್ಡು ಬೇಕು ಅನ್ನೋದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿ ಮೋಡ ಸರಿಯುವುದೇ ಅಪರೂಪ. ಸರಿದರೂ ಊರ ದೀಪಗಳ ಬೆಳಕು ಬಿಡುವುದಿಲ್ಲ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ರಾತ್ರಿ ಪೂರ್ತಿ ಕತ್ತಲಾಗುವುದೂ ಇಲ್ಲ. ಆದರೂ ಮನೆಯ ಹಿತ್ತಲಿನಲ್ಲಿ ನಿಂತು ನೀಹಾರಿಕೆಗಳ (ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡಗಳ) ಫೋಟೊ ತೆಗೆಯುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ಯಾಕೆ ಅಂದರೆ ಅರ್ಧ ಕೆಲಸ ನಡೆಯುವುದು ಕಂಪ್ಯೂಟರ್ ಮುಂದೆ, ಆ ಅರ್ಧವನ್ನು ಇವರು ಒಬ್ಬರಿಗೊಬ್ಬರು ಕಲಿಸುತ್ತಾರೆ. ಯಾರಿಗೋ ಒಂದು ಒಳ್ಳೆ ರಾತ್ರಿ ಸಿಕ್ಕಿತು ಅನ್ನಿ, ಆ ಕಚ್ಚಾ ಫ್ರೇಮ್‌ಗಳನ್ನು, ಅಂದರೆ ಕ್ಯಾಮೆರಾದಿಂದ ಬಂದ ಹಾಗೇ ಇರುವ ತಿದ್ದದ ಫೋಟೊಗಳನ್ನು, ಬಳಗಕ್ಕೆಲ್ಲ ಹಂಚುತ್ತಾರೆ, ಮೋಡ ಕವಿದ ವಾರವೆಲ್ಲ ಎಲ್ಲರೂ ಅದನ್ನೇ ಪ್ರೊಸೆಸ್ ಮಾಡಿ ನಿನ್ನದರ ಹಿನ್ನೆಲೆ ಯಾಕೆ ಹಸಿರಾಯ್ತು, ನಕ್ಷತ್ರ ಯಾಕೆ ಊದಿಕೊಂಡವು ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ನಮ್ಮ ಕಡೆ ನನಗೆ ಕಾಣುವುದು ಹೆಚ್ಚಾಗಿ ಮುಗಿದ ಫೋಟೊ ಮಾತ್ರ. ಹೊಸಬರು ಅದನ್ನು ನೋಡಿ ದೊಡ್ಡ ಟೆಲಿಸ್ಕೋಪೇ ಬೇಕು ಅಂದುಕೊಂಡು ಸುಮ್ನೆ ಕೂರುತ್ತಾರೆ.

ನಿಜಕ್ಕೂ ಬೇಕಾಗುವುದು ಎಷ್ಟು ಗೊತ್ತಾ? ಒಂದು ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ, 50 ಎಂಎಂ ಲೆನ್ಸ್, ಅಲುಗಾಡದ ಟ್ರೈಪಾಡ್. ಜನವರಿ ರಾತ್ರಿ ಟೆರೇಸಿನಿಂದ ಓರಿಯನ್ ನಕ್ಷತ್ರಪುಂಜದಲ್ಲಿರುವ ನೀಹಾರಿಕೆಯ ಕಡೆ ತಿರುಗಿಸಿ, 4 ಸೆಕೆಂಡಿನ ಇನ್ನೂರು ಫೋಟೊ ತೆಗೆಯಿರಿ. ಅದಕ್ಕಿಂತ ಜಾಸ್ತಿ ಹೊತ್ತು ತೆರೆದಿಟ್ಟರೆ ಭೂಮಿ ತಿರುಗುವುದರಿಂದ ನಕ್ಷತ್ರ ಗೆರೆಯಾಗುತ್ತದೆ. ಒಂದೊಂದನ್ನೇ ನೋಡಿದರೆ ನಿರಾಸೆ ಆಗುತ್ತದೆ, ಬರೀ ಕಾಳು ಕಾಳು. ಆದರೆ ಆ ಕಾಳು ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಬೀಳುತ್ತದೆ, ನೀಹಾರಿಕೆ ಮಾತ್ರ ನಕ್ಷತ್ರಗಳ ನಡುವೆ ಅಲ್ಲೇ ಇರುತ್ತದೆ. ಎಲ್ಲವನ್ನೂ ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಸರಾಸರಿ ತೆಗೆದರೆ ಈ ಕಾಳು, ಅಂದರೆ ಗದ್ದಲ (ನಾಯ್ಸ್), ಅಡಗುತ್ತದೆ. 4 ಪಟ್ಟು ಫ್ರೇಮ್ ತೆಗೆದರೆ ಗದ್ದಲ ಅರ್ಧಕ್ಕೆ ಇಳಿಯುತ್ತದೆ, 100 ಪಟ್ಟು ತೆಗೆದರೆ ಹತ್ತನೇ ಒಂದು ಭಾಗಕ್ಕೆ. ಸ್ಟ್ಯಾಕಿಂಗ್ ಅಂದರೆ ಇಷ್ಟೇ. ಇದನ್ನು ಮಾಡುವ ಸಿರಿಲ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ. ಊರ ಬೆಳಕಿನ ಮಬ್ಬನ್ನು ಕಳೆಯುವ ಗ್ರಾಕ್ಸ್‌ಪರ್ಟ್ ಕೂಡ ಉಚಿತವೇ.

ಸ್ಟ್ಯಾಕ್ ಮುಗಿದ ಮೇಲೆ ಪರದೆ ಹೆಚ್ಚು ಕಡಿಮೆ ಕಪ್ಪಗೇ ಇರುತ್ತದೆ. ಗಾಬರಿ ಬೇಡ. ಸಿಕ್ಕ ಬೆಳಕೆಲ್ಲ ಹಿಸ್ಟೋಗ್ರಾಮಿನ (ಫೋಟೊದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವ ಹೊಳಪು ಎಷ್ಟಿದೆ ಅಂತ ತೋರಿಸುವ ನಕ್ಷೆಯ) ಎಡಮೂಲೆಯಲ್ಲಿ ಅಡಗಿದೆ. ಅದನ್ನು ಸ್ವಲ್ಪ ಸ್ವಲ್ಪವೇ ಬಲಕ್ಕೆ, ಬೆಳಕಿನ ಕಡೆಗೆ ಎಳೆಯಬೇಕು. ಒಂದೇ ಸಲ ಎಳೆದರೆ ನಕ್ಷತ್ರಗಳೆಲ್ಲ ಬಣ್ಣ ಕಳಕೊಂಡು ಬಿಳಿ ಚುಕ್ಕೆಯಾಗುತ್ತವೆ. ಹೊಸಬರು ಎಡವುವುದು ಇಲ್ಲೇ, ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕಾಗುವುದೂ ಇಲ್ಲೇ. ಕನ್ನಡದಲ್ಲಿ ಇದನ್ನು ಹೇಳಿಕೊಡುವವರು ಇನ್ನೂ ಎಷ್ಟೋ ಜನ ಬೇಕು.

ನಮ್ಮ ಸೆಕೆಗೆ ಒಂದು ಮಾತು ಸೇರಿಸಬೇಕು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಸುಮಾರು 6 ಡಿಗ್ರಿ ಬಿಸಿಯಾದರೆ ಅದರದೇ ಉಷ್ಣದ ಸಿಗ್ನಲ್ ಎರಡು ಪಟ್ಟಾಗುತ್ತದೆ. ಇಲ್ಲಿನ ಚಳಿಯಲ್ಲಿ ಡಾರ್ಕ್ ಫ್ರೇಮ್ (ಆ ಉಷ್ಣದ ಸಿಗ್ನಲನ್ನು ಕಳೆಯಲು ಲೆನ್ಸ್ ಮುಚ್ಚಿ ತೆಗೆಯುವ ಫೋಟೊ) ಇಲ್ಲದೆಯೂ ಕೆಲವರು ನಿಭಾಯಿಸುತ್ತಾರೆ. ಏಪ್ರಿಲ್‌ನ ಬೆಂಗಳೂರಿನಲ್ಲಿ ಅದು ನಡೆಯಲ್ಲ. ಲೆನ್ಸ್ ಮುಚ್ಚಿ, ಅದೇ ಹೊತ್ತಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಇಪ್ಪತ್ತು ಮೂವತ್ತು ಫ್ರೇಮ್ ತೆಗೆದುಕೊಳ್ಳಿ. ಲೆನ್ಸಿನ ಅಂಚಿನ ಮಬ್ಬು, ಧೂಳಿನ ಕಲೆ ಸರಿಪಡಿಸುವ ಫ್ಲಾಟ್ ಫ್ರೇಮಿಗೆ ಬೆಳಿಗ್ಗೆ ಲೆನ್ಸ್ ಮೇಲೆ ಬಿಳಿ ಪಂಚೆ ಬಿಗಿದು ಆಕಾಶಕ್ಕೆ ಹಿಡಿದರೆ ಸಾಕು, ಫೋಕಸ್ ಮಾತ್ರ ಮುಟ್ಟಬೇಡಿ.

ಎಲ್ಲದರಲ್ಲೂ ಇಲ್ಲಿನವರೇ ಮುಂದೆ ಅಂತ ನಾನು ಹೇಳುತ್ತಿಲ್ಲ. ಕಣ್ಣಿಂದ ನೋಡುವ ವಿಷಯದಲ್ಲಿ ನಮ್ಮ ರೀತಿಯೇ ನನಗಿಷ್ಟ. ಶನಿಯ ಬಳೆ ತೋರಿಸುತ್ತೇವೆ ಅಂದರೆ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಸಾಲು ನಿಲ್ಲುತ್ತಾರೆ. 1989ರಿಂದ ಇರುವ ಬೆಂಗಳೂರಿನ ನೆಹರು ತಾರಾಲಯವನ್ನು ನೋಡಿ ಎಷ್ಟು ಮಕ್ಕಳು ಮೊದಲ ಸಲ ತಲೆ ಎತ್ತಿ ಆಕಾಶ ನೋಡಿರಬೇಕು! ಇಲ್ಲಿ ಎಷ್ಟೋ ಜನ ಟೆಲಿಸ್ಕೋಪನ್ನು ಹೊರಗಿಟ್ಟು, ತಾವು ಒಳಗೆ ಕೂತು ಪರದೆ ನೋಡುತ್ತಾರೆ. ಓರಿಯನ್ ನೀಹಾರಿಕೆಯನ್ನು ಬೈನಾಕ್ಯುಲರ್‌ನಲ್ಲಿ ಕಣ್ಣಾರೆ ನೋಡದವರಿಗೆ ಪ್ರೊಸೆಸ್ ಮಾಡುವಾಗ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದು ಕಷ್ಟ, ಬಣ್ಣ ಮೆತ್ತುತ್ತಾ ಹೋಗುತ್ತಾರೆ ಅಂತ ನನಗನಿಸುತ್ತದೆ.

ಇನ್ನು ಆಕಾಶದ ವಿಷಯಕ್ಕೆ ಬಂದರೆ ನೀವು ನಿಜವಾಗಿಯೂ ಶ್ರೀಮಂತರು. ಅಗಸ್ತ್ಯ ನಕ್ಷತ್ರ ಲೀಡ್ಸ್‌ನಲ್ಲಿ ಹುಟ್ಟುವುದೇ ಇಲ್ಲ. ತ್ರಿಶಂಕು ನಕ್ಷತ್ರಪುಂಜವೂ ಇಲ್ಲ, ಕರೀನಾ ನೀಹಾರಿಕೆಯೂ ಇಲ್ಲ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಇವೆಲ್ಲ ನಿಮಗೆ ದಕ್ಷಿಣ ದಿಕ್ಕಿನಲ್ಲಿ ಸಿಗುತ್ತವೆ. ಲಕ್ಷಾಂತರ ನಕ್ಷತ್ರಗಳ ಗುಚ್ಛ ಒಮೆಗಾ ಸೆಂಟಾರಿ ಏಪ್ರಿಲ್ ಮಧ್ಯರಾತ್ರಿ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತದೆ, ಸಿಟಿ ಬೆಳಕಿನಲ್ಲೂ ಕ್ಯಾಮೆರಾಕ್ಕೆ ಸಿಕ್ಕುತ್ತದೆ. ನನಗೆ ಇಲ್ಲಿಂದ ಎಷ್ಟು ದುಡ್ಡು ಸುರಿದರೂ ಅದು ಸಿಗಲ್ಲ. ಹಾಗಾಗಿ ಈ ಏಪ್ರಿಲ್‌ನಲ್ಲಿ ಯಾರಾದರೂ ಅದನ್ನು ತೆಗೆದರೆ ಮುಗಿದ ಫೋಟೊದ ಜೆಪೆಗ್ ಒಂದನ್ನೇ ಹಾಕಿ ಸುಮ್ಮನಾಗಬೇಡಿ. ಕಚ್ಚಾ ಫ್ರೇಮ್‌ಗಳನ್ನೇ ಹಂಚಿ, ಡಾರ್ಕ್ ಫ್ರೇಮ್ ಸಮೇತ. ನಾನೂ ಪ್ರೊಸೆಸ್ ಮಾಡುತ್ತೇನೆ, ಎಲ್ಲರದ್ದನ್ನೂ ಪಕ್ಕಪಕ್ಕ ಇಟ್ಟು ಮಾತಾಡೋಣ.